ಹಳೇ ಮನೆ ರಿನೋವೇಷನ್ ಟೀಮ್ ರಿವ್ಯೂ: ಐದಕ್ಕೆ ನಾಲ್ಕು, ಕಟ್ ಮಾಡಿದ ಒಂದು ಸ್ಟಾರ್ ಧೂಳಿಗೆ

ಮೊದಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ಪೂರ್ತಿ ಓದೋ ಪುರುಸೊತ್ತು ಇಲ್ದೋರು ಇಷ್ಟು ತಿಳ್ಕೊಂಡ್ರೆ ಸಾಕು: ನೂರು ವರ್ಷ ದಾಟಿರೋ, ಸುಣ್ಣದ ಗಾರೆ ಗೋಡೆ, ಮರದ ತೊಲೆ ಜಂತೆ ಇರೋ ಮನೆಗೆ ಹೊಸ ಬಾತ್‌ರೂಮು, ಏಸಿ, ವೈರಿಂಗು, ವೈಫೈ ಎಲ್ಲಾ ಬರ್ಬೇಕು, ಆದ್ರೆ ಒಳಗೆ ಕಾಲಿಟ್ರೆ ಅದೇ ಮನೆ ಅನ್ನಿಸ್ಬೇಕು ಅನ್ನೋರು ಮಾಮೂಲಿ ಕಂಟ್ರಾಕ್ಟರ್ ಹತ್ರ ಹೋಗ್ಬೇಡಿ, ಹಳೇ ಕಟ್ಟಡದ ಕೆಲಸಾನೇ ಮಾಡೋ ಟೀಮ್ ಹುಡುಕಿ. ನಾವು ಹಂಗೇ ಮಾಡಿದ್ವಿ. ಕೆಲಸ ಮುಗಿದು, ಮಳೆಗಾಲ ಬೇಸಿಗೆ ಎರಡೂ ಆ ಮನೇಲೇ ಕಳೆದು, ಎಲ್ಲಿ ಸೋರುತ್ತೆ ಎಲ್ಲಿ ಬಿಸಿ ಎಲ್ಲಿ ತಂಪು ಎಲ್ಲಾ ನೋಡ್ಕೊಂಡು ಈಗ ಬರೀತಿದೀನಿ. ಕೀಲಿಕೈ ಕೊಟ್ಟ ದಿನಾನೇ ಐದು ಸ್ಟಾರ್ ಒತ್ತಿ ಬಿಡೋ ರಿವ್ಯೂಗಳ ಮೇಲೆ ನಂಗೆ ನಂಬಿಕೆ ಇಲ್ಲ.

ಟೀಮಿನ ಹೆಸರು ಹಾಕ್ತಿಲ್ಲ, ಕೆಳಗೆ ಬೈಯೋದೂ ಇದೆ ಅದಕ್ಕೆ. ನಿಮ್ಮ ಕಡೆ ಇಂಥ ಕೆಲಸ ಮಾಡೋರು ಬೇರೆ ಯಾರೋ ಇರ್ತಾರೆ, ಹಾಗಾಗಿ ನಿಮಗೆ ಉಪಯೋಗಕ್ಕೆ ಬರೋದು ಇವರು ಹೆಂಗೆ ಕೆಲಸ ಮಾಡಿದ್ರು ಅನ್ನೋದು. ಅದನ್ನ ಬಿಡಿಸಿ ಹೇಳ್ತೀನಿ. ಇವರಿಗೆ ಕೊಟ್ಟ ದುಡ್ಡಲ್ಲಿ ಒಳ್ಳೇ ಪಾಲು ಅವರು "ಬೇಡ ಸರ್" ಅಂದಿದ್ದಕ್ಕೇ ಹೋಗಿದೆ ಅಂತ ನನ್ನ ಲೆಕ್ಕ, ಆ ಪಾಲಿನ ಬಗ್ಗೆ ನಂಗೆ ಒಂಚೂರೂ ಬೇಜಾರಿಲ್ಲ.

ಇವರಿಗಿಂತ ಮುಂಚೆ ಒಬ್ಬ ಕಂಟ್ರಾಕ್ಟರ್ ಬಂದು ನೋಡ್ಕೊಂಡು ಹೋಗಿದ್ದ. ಟೇಪ್ ಹಿಡಿದು ಸ್ಕ್ವೇರ್ ಫೀಟ್ ಲೆಕ್ಕ ಹಾಕಿ ಅಲ್ಲೇ ನಿಂತು ರೇಟ್ ಹೇಳಿದ. ಹಳೇ ಪ್ಲಾಸ್ಟರ್ ಕಿತ್ತು ಸಿಮೆಂಟ್ ಹೊಡೀತೀವಿ, ಮೇಲೆ ಪುಟ್ಟಿ, ಜಂತೆ ಕಾಣದ ಹಂಗೆ ಫಾಲ್ಸ್ ಸೀಲಿಂಗು, ಕಿಟಕಿ ಎಲ್ಲಾ ಯುಪಿವಿಸಿ ಪ್ಲಾಸ್ಟಿಕ್ಕು, ನೆಲಕ್ಕೆ ವಿಟ್ರಿಫೈಡ್ ಟೈಲ್ಸು. ಅಷ್ಟೆಲ್ಲಾ ಮಾಡಿದ್ಮೇಲೆ ಹಳೇ ಮನೆ ಅಂತ ಉಳಿಯೋದು ಕಾಗದಪತ್ರ ಮಾತ್ರ. ಈ ಟೀಮ್ ಬಂದಾಗ ಟೇಪೇ ತೆಗೀಲಿಲ್ಲ. ಹಳೇ ಕಟ್ಟಡ ಉಳಿಸೋ ಕೆಲಸದ ಕನ್ಸರ್ವೇಷನ್ ಆರ್ಕಿಟೆಕ್ಟ್ ಮೇಡಂ ಒಬ್ರು, ಜೊತೆಗೆ ವಯಸ್ಸಾದ ಗಾರೆ ಮೇಸ್ತ್ರಿ ಒಬ್ರು, ಇಬ್ರೂ ಮನೆ ಒಳಗೆ ಬರೋಕೆ ಮುಂಚೆ ಹೊರಗಡೆ ಸುತ್ತು ಹಾಕಿ ಮಾಡಿನ ನೀರು ಎಲ್ಲಿ ಬೀಳುತ್ತೆ, ಅಂಗಳದ ಮಣ್ಣು ಎಷ್ಟು ಮೇಲೆ ಬಂದಿದೆ, ಪೈಪ್ ಎಲ್ಲಿ ಒಡೆದಿದೆ ಅಂತ ನೋಡ್ತಾ ನಿಂತ್ರು. ಅಮ್ಮ ಕಾಯ್ದು ಕಾಯ್ದು "ಇವರೇನು ಮನೆ ನೋಡೋಕೆ ಬಂದ್ರಾ ಚರಂಡಿ ನೋಡೋಕೆ ಬಂದ್ರಾ" ಅಂತ ಕೇಳಿಬಿಟ್ರು.

ಸರ್ವೆಗೆ ಇವರು ಬೇರೆ ಫೀಸ್ ತಗೋತಾರೆ, ಕೆಲಸ ಕೊಟ್ರೂ ಕೊಡದಿದ್ರೂ. ಕೇಳಿದಾಗ ಸ್ವಲ್ಪ ಕಿರಿಕಿರಿ ಆಯ್ತು, ರಿಪೋರ್ಟ್ ಕೈಗೆ ಬಂದ ಮೇಲೆ ಹೋಯ್ತು. ಒಂದು ಉದಾಹರಣೆ ಹೇಳ್ತೀನಿ. ಎರಡು ಮುಳ್ಳು ಇರೋ ತೇವದ ಮೀಟರ್ ನೀವೂ ನೋಡಿರ್ತೀರ, ಗೋಡೆಗೆ ಚುಚ್ಚಿ ಕೆಂಪು ಲೈಟ್ ಬಂತು ಅಂದ ಕೂಡ್ಲೇ ತೇವ ಹತ್ತದ ಹಂಗೆ ಗೋಡೆಗೆ ಕೊಡೋ ಕೆಮಿಕಲ್ ಇಂಜೆಕ್ಷನ್ ಮಾರೋಕೆ ಶುರು ಮಾಡ್ತಾರೆ. ಆ ಮೀಟರ್ ಇರೋದು ಮರಕ್ಕೆ. ಗೋಡೇಲಿ ಉಪ್ಪು ಇದ್ರೆ ಕರೆಂಟ್ ಸುಲಭವಾಗಿ ಹರಿದು ಇಲ್ಲದ ತೇವಾನೂ ತೋರಿಸುತ್ತೆ. ಇವರು ಏನು ಮಾಡಿದ್ರು ಅಂದ್ರೆ, ಗೋಡೆಗೆ ನಿಧಾನಕ್ಕೆ ಡ್ರಿಲ್ ಹಾಕಿ ಆ ಪುಡಿನ ತೂಕ ಮಾಡಿ, ಒಂದು ಸ್ಟೀಲ್ ಬಾಟಲಿಗೆ ಸುರಿದು, ಜೊತೆಗೆ ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿದ್ರು. ನೀರು ಇದ್ದಷ್ಟು ಅಸಿಟಿಲಿನ್ ಗ್ಯಾಸ್ ಹುಟ್ಟುತ್ತೆ, ಗ್ಯಾಸಿನ ಒತ್ತಡಕ್ಕೆ ಬಾಟಲಿ ತಳದಲ್ಲಿರೋ ಮುಳ್ಳು ಏರುತ್ತೆ. ಒಂದೇ ಗೋಡೇಲಿ ಕೆಳಗಿಂದ ಮೇಲಕ್ಕೆ ಸಾಲಾಗಿ ಹಂಗೆ ಮಾಡಿ ತೋರಿಸಿದ್ರು. ನೆಲದಿಂದ ಹತ್ತೋ ತೇವ ಆಗಿದ್ರೆ ಕೆಳಗೆ ಜಾಸ್ತಿ ಇದ್ದು ಮೇಲೆ ಹೋದ ಹಾಗೆ ಕಮ್ಮಿ ಆಗ್ಬೇಕು, ಸಾಮಾನ್ಯವಾಗಿ ಒಂದು ಒಂದೂವರೆ ಮೀಟರ್ ಎತ್ತರಕ್ಕೆ ನಿಂತುಹೋಗ್ಬೇಕು. ನಮ್ಮ ಹಾಲಿನ ಗೋಡೇಲಿ ಉಲ್ಟಾ, ಮೇಲೆ ಜಾಸ್ತಿ. ಮಾಡಿನ ಮೂಲೇಲಿ ದೋಣಿ ತಗಡು (ಮಾಡಿನ ನೀರು ಹರಿದು ಹೋಗೋ ತಗಡು) ತೂತಾಗಿತ್ತು ಅಷ್ಟೇ. ತಗಡು ಬದಲಾಯಿಸಿದ್ರು, ಗೋಡೆ ತಾನಾಗೇ ಒಣಗ್ತು. ಇಂಜೆಕ್ಷನ್ನಿಗೆ ಕೊಟೇಶನ್ ಕೊಟ್ಟಿದ್ದೋರು ಇನ್ನೊಬ್ರು ಇದ್ರು, ಅದು ಹಂಗೇ ಡ್ರಾಯರಲ್ಲಿದೆ.

ಸಿಮೆಂಟ್ ಬೇಡ ಅಂತ ಇವರು ಯಾಕೆ ಅಷ್ಟು ಹಟ ಮಾಡ್ತಾರೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಯಾಕಂದ್ರೆ ಹಳೇ ಮನೆಗಳು ಹಾಳಾಗ್ತಿರೋದೇ ಇಲ್ಲಿ. ನಾವೀಗ ಸಿಮೆಂಟ್ ಅನ್ನೋ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದು 1824ರಲ್ಲಿ, ಅದು ಎಲ್ಲಾ ಕಡೆ ಸಲೀಸಾಗಿ ಸಿಗೋಕೆ ಇನ್ನೂ ಬಹಳ ವರ್ಷ ಹಿಡೀತು. ಅಲ್ಲಿವರೆಗೂ ಕಟ್ಟಿದ್ದು ಬಹುಪಾಲು ಸುಣ್ಣದಲ್ಲೋ ಮಣ್ಣಲ್ಲೋ. ಸುಣ್ಣದ ಕಲ್ಲನ್ನ ಸುಮಾರು 900 ಡಿಗ್ರಿಗೆ ಸುಟ್ರೆ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೋಗುತ್ತೆ, ತೂಕ ಹೆಚ್ಚುಕಮ್ಮಿ 44 ಪರ್ಸೆಂಟ್ ಇಳಿಯುತ್ತೆ, ಉಳಿದಿದ್ದೇ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದ್ರೆ ಕೊತಕೊತ ಕುದ್ದು ಅರಳುತ್ತೆ. ಆ ಅರಳಿದ ಸುಣ್ಣಾನ ಮರಳು, ಇಟ್ಟಿಗೆ ಪುಡಿ ಜೊತೆ ಕಲಸಿ ಗೋಡೆಗೆ ಬಳಿದ್ರೆ ಗಾಳೀಲಿರೋ ಇಂಗಾಲದ ಡೈ ಆಕ್ಸೈಡನ್ನ ವಾಪಸ್ ಎಳ್ಕೊಂಡು ತಿಂಗಳುಗಟ್ಟಲೆ ನಿಧಾನಕ್ಕೆ ಮತ್ತೆ ಕಲ್ಲಾಗುತ್ತೆ. ಹಂಗೆ ಆದ ಗಾರೆ ಮೆತ್ತಗಿರುತ್ತೆ, ಸಣ್ಣ ಸಣ್ಣ ರಂಧ್ರ ಇರುತ್ತೆ, ಗೋಡೆ ಕುಡಿದ ನೀರು ಅದೇ ದಾರೀಲಿ ಆವಿ ಆಗಿ ಹೋಗುತ್ತೆ. ಮನೆ ಒಂಚೂರು ಕೂತ್ರೂ ಎದ್ರೂ ಗಾರೆ ಬಾಗುತ್ತೆ, ಕೂದಲೆಳೆ ಬಿರುಕು ಬಿಟ್ರೆ ಒಳಗಿನ ಸುಣ್ಣ ನೀರಲ್ಲಿ ಕರಗಿ ಬಂದು ಅಲ್ಲೇ ಕೂತು ಮುಚ್ಕೊಳ್ಳುತ್ತೆ. ಇಂಥ ಗೋಡೆ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಿಗಿದ್ರೆ ಆವಿಗೆ ದಾರಿ ಇಲ್ಲ. ನೀರು ಒಳಗೇ ಉಳಿದು ಇಟ್ಟಿಗೆನೇ ಪುಡಿ ಆಗೋಕೆ ಶುರು ಆಗುತ್ತೆ, ತೊಲೆ ಗೋಡೆ ಒಳಗೆ ಕೂರೋ ತುದಿ ಕೊಳೆಯುತ್ತೆ, ಹೊರಗಡೆ ಮಾತ್ರ ಪ್ಲಾಸ್ಟರ್ ನೀಟಾಗಿ ಕಾಣ್ತಿರುತ್ತೆ. ಯಾವಾಗಲೋ ಯಾರೋ ನಮ್ಮ ಅಡುಗೆಮನೆ ಗೋಡೆಗೆ ಸೊಂಟದ ಎತ್ತರಕ್ಕೆ ಸಿಮೆಂಟ್ ಪಟ್ಟಿ ಹೊಡೆದಿದ್ರು. ಮೇಸ್ತ್ರಿ ಉಳಿ ಇಟ್ಟು ಒಂದು ಏಟು ಹಾಕಿದ್ರು, ಸಿಮೆಂಟು ಅಗಲವಾದ ಚಕ್ಕೆಯಾಗಿ ಕಳಚಿ ಬಿತ್ತು, ಹಿಂದಿನ ಇಟ್ಟಿಗೆ ಬೆರಳಲ್ಲಿ ಕೆರೆದ್ರೆ ಉದುರೋ ಹಂಗಿತ್ತು.

ನೀರಿನ ಸಂಪರ್ಕದಲ್ಲೇ ಗಟ್ಟಿ ಆಗೋ ಇನ್ನೊಂದು ಥರ ಸುಣ್ಣಾನೂ ಇದೆ, ನ್ಯಾಚುರಲ್ ಹೈಡ್ರಾಲಿಕ್ ಲೈಮ್ ಅಂತ ಚೀಲದಲ್ಲಿ ಬರುತ್ತೆ, 2, 3.5, 5 ಅಂತ ಮೂರು ಗ್ರೇಡು, ನಂಬರ್ ಏರಿದ ಹಾಗೆ ಗಟ್ಟಿ. ದುಡ್ಡು ಹೆಂಗೂ ಹಾಕ್ತಿದೀವಿ 5ನೇ ಹಾಕಿಬಿಡಿ ಅಂದೆ. "ಗೋಡೆಗಿಂತ ಗಾರೆ ಗಟ್ಟಿ ಆಗ್ಬಾರ್ದು ಸರ್, ಹಾಳಾಗೋದಿದ್ರೆ ಗಾರೆ ಹಾಳಾಗ್ಲಿ, ಅದನ್ನ ಮತ್ತೆ ಬಳೀಬೋದು" ಅಂದ್ರು ಮೇಸ್ತ್ರಿ. ಒಳಗಡೆಗೆ ಅರಳಿಸಿದ ಸುಣ್ಣದ ಗಾರೆ, ಮಳೆ ಹೊಡೆತ ಇರೋ ಹೊರಗೋಡೆಗೆ ಮಾತ್ರ 3.5, ಇಷ್ಟಕ್ಕೆ ಒಪ್ಪಿದ್ರು. ಮೇಲೆ ಎಮಲ್ಷನ್ ಪೇಂಟೂ ಇಲ್ಲ, ಸುಣ್ಣದ ನೀರು. ಹಾಲಿನಷ್ಟು ತೆಳ್ಳಗೆ ಕಲಸಿ, ಗೋಡೆ ಒದ್ದೆ ಮಾಡ್ಕೊಂಡು, ಒಂದರ ಮೇಲೊಂದು ಹಲವು ಕೋಟ್ ಹೊಡೀತಾರೆ. ಹೊಡೆಯುವಾಗ ಏನೂ ಕಾಣಲ್ಲ, ಏನೋ ಮೋಸ ಆಯ್ತು ಅನ್ಸುತ್ತೆ, ಒಣಗ್ತಾ ಒಣಗ್ತಾ ಬಿಳಿ ಏರುತ್ತೆ. ಈಗ ಬೆಳಗಿನ ಬಿಸಿಲು ಬಿದ್ದಾಗ ಆ ಗೋಡೆ ನೋಡೋಕೇ ಚೆಂದ, ಫೋಟೋದಲ್ಲಿ ಬರಲ್ಲ. ಒಂದು ತೊಂದರೆ ಇದೆ, ಕಪ್ಪು ಶರ್ಟ್ ಹಾಕ್ಕೊಂಡು ಒರಗಬಾರ್ದು, ಸ್ವಲ್ಪ ಅಂಟುತ್ತೆ. ಮಕ್ಕಳಿರೋ ಮನೆಯವರು ಯೋಚನೆ ಮಾಡಿ.

ಇನ್ನೊಂದು ಬೇಡ. ಹಾಲಲ್ಲಿ ಒಂದು ಗೋಡೆ ಪ್ಲಾಸ್ಟರ್ ಕೆರೆದು ಇಟ್ಟಿಗೆ ಕಾಣೋ ಹಂಗೆ ಬಿಡ್ಬೇಕು ಅಂತ ನಮ್ಮನೆಯವಳ ಆಸೆ, ಕೆಫೆಗಳಲ್ಲೆಲ್ಲಾ ಇರುತ್ತಲ್ಲ ಹಂಗೆ. ಮೇಡಂ ಖಡಾಖಂಡಿತ ಆಗಲ್ಲ ಅಂದ್ರು. ಆ ಇಟ್ಟಿಗೆ ಮೆತ್ತನೇದು, ಪ್ಲಾಸ್ಟರ್ ಕೆಳಗೆ ಇರಲಿ ಅಂತಲೇ ಕಟ್ಟಿದ್ದು, ಬಿಚ್ಚಿಟ್ರೆ ವರ್ಷ ಪೂರ್ತಿ ಕೆಂಪು ಪುಡಿ ಗುಡಿಸ್ತಾ ಇರ್ತೀರ ಅಂದ್ರು. ಇದು ಇವತ್ತಿನ ಜಗಳ ಅಲ್ವಂತೆ. ಇಂಗ್ಲೆಂಡಲ್ಲಿ ರಿಪೇರಿ ಹೆಸರಲ್ಲಿ ಹಳೇ ಚರ್ಚುಗಳ ಪ್ಲಾಸ್ಟರ್ ಕೆರೆದು ಕಲ್ಲು ತೋರಿಸೋ ಹುಚ್ಚು ಹಿಡಿದಾಗ, ಅದನ್ನ ತಡೆಯೋಕೆ ಅಲ್ಲಿನ ಕವಿ, ಡಿಸೈನರ್ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘಾನೇ ಕಟ್ಟಿದ್ರು, ಜನ ಅದಕ್ಕೆ ಕೆರೆಯೋದನ್ನ ವಿರೋಧಿಸೋರು ಅಂತ ಅಡ್ಡಹೆಸರು ಇಟ್ಟಿದ್ರು. ನಮ್ಮನೆಯವಳು ಇತಿಹಾಸಕ್ಕೆ ಬಗ್ಗೋಳಲ್ಲ. ಕೆಂಪು ಪುಡಿ ಗುಡಿಸೋ ಮಾತಿಗೆ ಬಗ್ಗಿದ್ಲು.

ಮರದ ಕೆಲಸದಲ್ಲಿ ನಂಗೆ ಇವರ ಮೇಲೆ ಗೌರವ ಬಂತು. ಮರದೊಳಗಿನ ತೇವ 20 ಪರ್ಸೆಂಟ್ ಒಳಗಿದ್ರೆ ಕೊಳೆಸೋ ಶಿಲೀಂಧ್ರ ಬೆಳೆಯಲ್ಲ, ಹಂಗಾಗಿ ಮೊದಲು ನೀರು ನಿಲ್ಸು, ಒಣಗೋಕೆ ಬಿಡು, ಆಮೇಲೆ ಎಷ್ಟು ಹಾಳಾಗಿದೆ ನೋಡು ಅನ್ನೋ ಕ್ರಮ. ಸುತ್ತಿಗೆ ಹಿಡಿ ತುದೀಲಿ ತೊಲೆ ಉದ್ದಕ್ಕೂ ತಟ್ಟುತ್ತಾ ಹೋಗಿ ಶಬ್ದ ಬದಲಾದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರು. ಮೂರನೇ ತೊಲೆ ಪೂರ್ತಿ ಹೋಗಿದೆ ಬದಲಾಯಿಸ್ಬೇಕು ಅಂತ ಬೇರೆಯವರು ಹೇಳಿದ್ದಿದ್ದು, ಇವರ ಗುರುತಿನ ಪ್ರಕಾರ ಹೋಗಿದ್ದು ಗೋಡೆ ಒಳಗೆ ಕೂರೋ ತುದಿ ಮಾತ್ರ. ಕೆಳಗೆ ಜಾಕ್ ಕೊಟ್ಟು, ಕೊಳೆತಿದ್ದನ್ನ ಓರೆಯಾಗಿ ಕೊಯ್ದು, ಅದೇ ಜಾತಿ ಹಳೇ ಮರದ ತುಂಡು ತಂದು ಕಚ್ಚು ಕೊಟ್ಟು ಬೋಲ್ಟ್ ಹಾಕಿದ್ರು. ಹೊಸ ತುಂಡಿಗೆ ಬಣ್ಣ ಬಳಿದು ಮರೆಸ್ಲಿಲ್ಲ, ಒಳಬದೀಲಿ ವರ್ಷ ಕೆತ್ತಿದಾರೆ. 1964ರ ವೆನಿಸ್ ಚಾರ್ಟರ್ ಅಂತ ಇದೆ, ಹಳೇ ಕಟ್ಟಡದ ಕೆಲಸ ಮಾಡೋರು ಜಗತ್ತಿನಾದ್ಯಂತ ಅದನ್ನ ಇಟ್ಕೊಂಡೇ ಮಾತಾಡೋದು. ಹೊಸದಾಗಿ ಸೇರಿಸಿದ್ದು ಹಳೇದಕ್ಕೆ ಹೊಂದ್ಬೇಕು, ಆದ್ರೆ ಯಾವುದು ಹೊಸದು ಅಂತ ಗೊತ್ತೂ ಆಗ್ಬೇಕು ಅನ್ನುತ್ತೆ ಅದು. ಊಹೆ ಶುರು ಆಗೋ ಕಡೆ ಕೆಲಸ ನಿಲ್ಸಿ ಅಂತಾನೂ ಇದೆ. ಆ ಕಾರಣಕ್ಕೇ ಜಗಲಿ ಕಂಬದ ಒಂದು ಬೋದಿಗೆ (ಕಂಬದ ತಲೆ ಮೇಲೆ ಕೂರೋ ಕೆತ್ತನೆ ತುಂಡು) ಮುರಿದು ಹೋಗಿದ್ದಕ್ಕೆ ಇವರು ಕೆತ್ತನೆ ಮಾಡ್ಲಿಲ್ಲ. ಹಳೇ ಫೋಟೋ ಇದ್ರೆ ಕೊಡಿ ಅಂದ್ರು, ನಮ್ಮ ಹತ್ರ ಇರ್ಲಿಲ್ಲ, ಸಾದಾ ಮರದ ತುಂಡು ಕೂರಿಸಿ ಬಿಟ್ರು. ಬಂದೋರೆಲ್ಲಾ ಇದೊಂದು ಯಾಕೆ ಹಿಂಗೆ ಅಂತ ಕೇಳ್ತಾರೆ. ನಂಗೂ ಅದು ಅಷ್ಟೇನೂ ಇಷ್ಟ ಇಲ್ಲ, ಪಕ್ಕದ ಕಂಬದಲ್ಲಿ ಇರೋದನ್ನೇ ನೋಡಿ ಕೆತ್ತಬಹುದಿತ್ತಲ್ಲ ಅಂತ ಈಗಲೂ ವಾದ ಮಾಡ್ತೀನಿ, ಅವರು ನಾಲ್ಕೂ ಬೇರೆಬೇರೆ ಇದೆ ನೋಡಿ ಸರ್ ಅಂತಾರೆ.

ಈಗ ಅನುಕೂಲಗಳ ವಿಷಯ. ವೈರಿಂಗ್ ಪೂರ್ತಿ ಹೊಸದು, ಅದರಲ್ಲಿ ರಾಜಿ ಇಲ್ಲ ಅಂದ್ರು, ನಾವೂ ಒಪ್ಪಿದ್ವಿ, ಹಳೇ ರಬ್ಬರ್ ಸುತ್ತಿದ ವೈರ್ ಮುಟ್ಟಿದ್ರೆ ಹೊಟ್ಟಿನಂತೆ ಉದುರ್ತಿತ್ತು. ಪಿಂಗಾಣಿ ಫ್ಯೂಸ್ ಹೋಗಿ ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಎಂಸಿಬಿ ಬಂತು, 30 ಮಿಲಿಆಂಪ್ ಸೋರಿದ್ರೇ ಲೈನ್ ಕಟ್ ಮಾಡೋ ಆರ್‌ಸಿಸಿಬಿ ಬಂತು, ಸರಿಯಾದ ಅರ್ಥಿಂಗ್ ಬಂತು. ಗೋಡೆ ಕೊರೆಯೋದನ್ನ ಎಷ್ಟು ಆಗುತ್ತೋ ಅಷ್ಟು ತಪ್ಪಿಸಿದ್ರು. ಉದ್ದಕ್ಕೆ ಕೊರೆದ್ರೆ ಗೋಡೆ ದಪ್ಪದ ಮೂರನೇ ಒಂದು ಪಾಲಿಗಿಂತ ಆಳ ಹೋಗ್ಬಾರ್ದು, ಅಡ್ಡಕ್ಕೆ ಆದ್ರೆ ಆರನೇ ಒಂದು, ಅಡ್ಡ ಗೀರು ಗೋಡೆನ ಜಾಸ್ತಿ ದುರ್ಬಲ ಮಾಡುತ್ತೆ. ಹಂಗಾಗಿ ಮೇನ್ ಲೈನ್ ಎಲ್ಲಾ ಅಟ್ಟದ ಮೇಲೆ ಓಡಿಸಿ ಬೇಕಾದ ಕಡೆ ಮಾತ್ರ ಕೆಳಗೆ ಇಳಿಸಿದ್ರು, ಕೆಲವು ಕಡೆ ಗೋಡೆ ಮೇಲೇ ಲೋಹದ ಪೈಪಲ್ಲಿ ಬಿಟ್ಟಿದಾರೆ. ಅದು ಕಾಣುತ್ತೆ. ನಾಳೆ ಯಾರಾದ್ರೂ ತೆಗೀಬೇಕು ಅಂದ್ರೆ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಆಯ್ತು, ಆ ಸ್ಕ್ರೂನೂ ಇಟ್ಟಿಗೆಗೆ ಹಾಕದೆ ಗಾರೆ ಸಂದಿಗೆ ಹಾಕಿದಾರೆ. ಬೈಬೇಕಾದ್ದು ಸ್ವಿಚ್ ಬೋರ್ಡ್ ಜಾಗಕ್ಕೆ. ಮಲಗೋ ಕೋಣೇಲಿ ಬೋರ್ಡು ಬಾಗಿಲ ಹಿಂದೆ ಬಂದಿದೆ, ಗೋಡೆ ಉಳಿಸೋಕೆ ಹೋಗಿ ನಾವು ದಿನಾ ಬಾಗಿಲು ಹಾಕಿ ಲೈಟ್ ಆರಿಸ್ಬೇಕು. ಇದನ್ನ ಡ್ರಾಯಿಂಗ್‌ನಲ್ಲೇ ಯಾರಾದ್ರೂ ಹೇಳ್ಬೋದಿತ್ತು.

ಬಾತ್‌ರೂಮಿಗೆ ಬಂದ್ರೆ, ಮೇಲಿನ ಮಹಡೀಲಿ ಒಂದು ಅಟ್ಯಾಚ್ಡ್ ಬೇಕು, ಅದರಲ್ಲಿ ಟಬ್ ಇರ್ಲಿ ಅಂತ ನಮ್ಮ ಪಟ್ಟೀಲಿತ್ತು. ಲೆಕ್ಕ ಮಾಡಿ ತೋರಿಸಿದ್ರು. ಟಬ್ಬಿಗೆ ಇನ್ನೂರು ಲೀಟರ್ ನೀರು ಹಿಡಿದ್ರೆ ನೀರೇ ಇನ್ನೂರು ಕೆಜಿ, ಟಬ್ಬು, ಟೈಲ್ಸು, ಮನುಷ್ಯ ಎಲ್ಲಾ ಮೇಲೆ, ಅಷ್ಟೂ ಒಂದೇ ಜಾಗದಲ್ಲಿ ಮರದ ಜಂತೆ ಮೇಲೆ. ಭಾರ ಹೆಂಗೋ ಹೊರಿಸ್ಬೋದು ಅಂದ್ಕೊಂಡ್ರೂ ಪೈಪ್ ದಾರಿ ಇಲ್ಲ. ಕಮೋಡಿನ ನಾಲ್ಕು ಇಂಚ್ ಪೈಪಿಗೆ ಸುಮಾರು ನಲವತ್ತಕ್ಕೆ ಒಂದು ಇಳಿಜಾರು ಬೇಕು, ನಾಲ್ಕು ಮೀಟರ್ ಹೋದ್ರೆ ಹತ್ತು ಸೆಂಟಿಮೀಟರ್ ಇಳಿಬೇಕು. ಜಂತೆಗೆ ತೂತು ಹಾಕೋದಾದ್ರೆ ಅದರ ಎತ್ತರದ ಕಾಲು ಭಾಗಕ್ಕಿಂತ ದೊಡ್ಡ ತೂತು ಹಾಕ್ಬಾರ್ದು, ಅದೂ ಎತ್ತರದ ನಟ್ಟನಡುವೆ. ಅಂದ್ರೆ ನಾಲ್ಕು ಇಂಚ್ ಪೈಪ್ ತೂರಿಸೋಕೆ ಹದಿನಾರು ಇಂಚ್ ಜಂತೆ ಬೇಕು, ನಮ್ಮದು ಅದರ ಅರ್ಧಾನೂ ಇಲ್ಲ. ಪ್ಲಂಬರ್‌ಗಳು ಈ ಲೆಕ್ಕ ಮಾಡಲ್ಲ, ಗರಗಸ ಇಟ್ಟು ಜಂತೆ ಕೊಯ್ದು ಪೈಪ್ ಹಾಕಿ ಸೀಲಿಂಗ್ ಮುಚ್ಚಿ ಹೋಗ್ತಾರೆ, ಹತ್ತು ವರ್ಷ ಆದ್ಮೇಲೆ ನೆಲ ಕುಸಿದಾಗ ಹಳೇ ಮನೆ ಅಲ್ವಾ ಅಂತ ಮನೆ ಮೇಲೆ ಹಾಕ್ತೀವಿ. ಕೊನೆಗೆ ಮೇಲಿನ ಬಾತ್‌ರೂಮನ್ನ ಕೆಳಗಿನ ಬಾತ್‌ರೂಮಿನ ನೆತ್ತಿಗೇ ತಂದು, ಪೈಪ್ ಹೊರಗೋಡೆ ಪಕ್ಕ ನೇರ ಇಳಿಸಿ, ಟಬ್ ಬದಲು ಶವರ್ ಹಾಕಿದ್ರು. ನೆಲಕ್ಕೆ ವಾಟರ್‌ಪ್ರೂಫಿಂಗ್ ಪದರ ಗೋಡೆಗೂ ಮಡಚಿ ಹತ್ತಿಸಿ, ನೀರು ನಿಲ್ಸಿ ಟೆಸ್ಟ್ ಮಾಡಿ ಆಮೇಲೇ ಟೈಲ್ಸ್. ಕೆಳಗಿನದ್ರಲ್ಲಿ ಅಮ್ಮನಿಗೋಸ್ಕರ ಹೊಸಿಲು ತೆಗೆದು ನೆಲ ಸಮ ಮಾಡಿ, ಹಿಡ್ಕೊಳ್ಳೋ ಕಂಬಿ ಹಾಕಿದಾರೆ. ಗಾರೆ ಗೋಡೆಗೆ ಸುಮ್ನೆ ಕಂಬಿ ಬಿಗಿದ್ರೆ ಕಿತ್ತು ಬರುತ್ತೆ, ಮೊದ್ಲು ಗೋಡೆಗೆ ಅಗಲವಾದ ಹಲಗೆ ಕೂರಿಸಿ ಅದಕ್ಕೆ ಕಂಬಿ. ಅಮ್ಮನಿಗೆ ಇಡೀ ಮನೇಲಿ ಇಷ್ಟ ಆಗಿದ್ದು ಆ ಕಂಬಿ ಒಂದೇ.

ಏಸಿ. ಇದಕ್ಕೆ ಇವರು ಬೇಡ ಅಂತಾರೆ ಅಂತ ಜಗಳಕ್ಕೆ ರೆಡಿ ಆಗಿ ಹೋಗಿದ್ದೆ, ಅವರೇ ಹಾಕಿಸಿ ಅಂದ್ರು. ಆದ್ರೆ ಮನೆ ತುಂಬಾ ಗಾಳಿ ಕೊಳವೆ ಓಡಿಸೋ ಡಕ್ಟ್ ಬೇಡ, ಸ್ಪ್ಲಿಟ್ ಸಾಕು, ಗೋಡೆಗೆ ಮೂರು ಇಂಚ್ ತೂತು ಒಂದೇ, ಅದೂ ಹೊರಗಡೆಗೆ ಓರೆಯಾಗಿ. ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಏಸಿ ಮಷೀನ್ ಡಿಸೈನ್ ಮಾಡಿದ್ದೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕಾಗದ ತೇವಕ್ಕೆ ಹಿಗ್ಗಿ ಕುಗ್ಗೋದನ್ನ ನಿಲ್ಸೋಕೆ. ಗಾಳೀಲಿರೋ ನೀರು ತೆಗೆಯೋದೇ ಅದರ ಮೂಲ ಕೆಲಸ, ಆ ನೀರು ಎಲ್ಲಿಗೆ ಹೋಗುತ್ತೆ ಅನ್ನೋದೇ ಹಳೇ ಮನೇಲಿ ಪ್ರಶ್ನೆ. ಏಸಿ ಪೈಪಿನ ಹನಿ ವರ್ಷಾನುಗಟ್ಟಲೆ ಒಂದೇ ಜಾಗಕ್ಕೆ ಬಿದ್ದು ಗೋಡೆ ಬುಡ ಕರಗಿರೋ ಮನೆಗಳನ್ನ ಫೋನಲ್ಲಿ ಒಂದಾದ್ಮೇಲೊಂದು ತೋರಿಸಿದ್ರು. ನಮ್ಮದಕ್ಕೆ ಡ್ರೈನ್ ಪೈಪು ಚರಂಡಿವರೆಗೂ ಹೋಗಿದೆ, ಔಟ್‌ಡೋರ್ ಯೂನಿಟ್ ಗೋಡೆಗೆ ನೇತು ಹಾಕದೆ ನೆಲದ ಮೇಲೆ ಸ್ಟ್ಯಾಂಡಲ್ಲಿ ಕೂತಿದೆ, ಗೋಡೆ ಅದುರಲ್ಲ. ಅಂಗಡಿಯವರು ಹೇಳಿದ್ದಕ್ಕಿಂತ ಒಂದು ಸೈಜ್ ಚಿಕ್ಕದೇ ಹಾಕ್ಸಿದ್ರು. ದೊಡ್ಡ ಮಷೀನ್ ಬೇಗ ತಣ್ಣಗೆ ಮಾಡಿ ಆಫ್ ಆಗುತ್ತೆ, ತೇವ ತೆಗೆಯೋಷ್ಟು ಹೊತ್ತು ಓಡಲ್ಲ, ರೂಮು ತಣ್ಣಗೆ ಇದ್ರೂ ಮುಗ್ಗಲು. ದಪ್ಪ ಗೋಡೆ ನಿಧಾನಕ್ಕೆ ತಣ್ಣಗಾಗುತ್ತೆ, ಒಂದ್ಸಲ ತಣ್ಣಗಾದ್ರೆ ಬಹಳ ಹೊತ್ತು ಹಂಗೇ ಇರುತ್ತೆ, ಹಾಗಾಗಿ 18ಕ್ಕೆ ಇಟ್ಟು ಆನ್ ಆಫ್ ಮಾಡೋ ಬದಲು 26ಕ್ಕೆ ಇಟ್ಟು ಸುಮ್ನೆ ಬಿಡ್ತೀವಿ. ಈ ಸಲಹೆ ಒಂದೇ ಸರ್ವೆ ಫೀಸಿಗೆ ಸಮ.

ಕಿಟಕಿಗಳನ್ನ ಉಳಿಸಿದ್ರು. ಹಳೇ ಮರ ಈಗ ಅಂಗಡೀಲಿ ಸಿಗೋ ಮರಕ್ಕಿಂತ ಗಟ್ಟಿ, ಕೆಳಗಿನ ಅಡ್ಡಪಟ್ಟಿ ಮಾತ್ರ ಹೋಗಿತ್ತು, ಅಷ್ಟೇ ಬದಲಾಯಿಸಿದ್ರು. ಗಾಜು ಅಲೆಅಲೆಯಾಗಿತ್ತು, ವಯಸ್ಸಾಗಿ ಗಾಜು ಕೆಳಗೆ ಹರಿದಿದೆ ಅಂತ ನಮ್ಮ ಮಾವ ಎಲ್ಲರಿಗೂ ಹೇಳ್ಕೊಂಡು ಬರ್ತಿದ್ರು, ಅದು ಸುಳ್ಳು, ಆಗ ಗಾಜು ಮಾಡ್ತಿದ್ದ ರೀತಿಯಿಂದಲೇ ಆ ಅಲೆ. ಕರಗಿದ ತವರದ ಮೇಲೆ ಗಾಜು ತೇಲಿಸಿ ಸಪಾಟಾಗಿ ಮಾಡೋ ಪದ್ಧತಿನ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಹೊರಗೆ ಹೇಳಿದ್ದೇ 1959ರಲ್ಲಿ, ಅದಕ್ಕೆ ಮುಂಚಿನ ಗಾಜು ಇನ್ನು ಸುಲಭಕ್ಕೆ ಸಿಗಲ್ಲ. ಹಾಗಾಗಿ ಹಳೇ ಕಿಟಕಿ ಹಂಗೇ ಬಿಟ್ಟು ಒಳಗಡೆ ಇನ್ನೊಂದು ತೆಳು ಗಾಜಿನ ಚೌಕಟ್ಟು, ಬೇಕಾದಾಗ ಸರಿಸ್ಬೋದು. ಬರೀ ಶೆಖೆ ಚಳಿಗೆ ಆದ್ರೆ ಎರಡು ಗಾಜಿನ ನಡುವೆ ಒಂದೆರಡು ಸೆಂಟಿಮೀಟರ್ ಸಾಕು, ರಸ್ತೆ ಶಬ್ದಕ್ಕೆ ಆದ್ರೆ ಹತ್ತು ಸೆಂಟಿಮೀಟರ್ ಅಥವಾ ಜಾಸ್ತಿ ಬೇಕು. ನಮ್ಮ ಗೋಡೆ ದಪ್ಪ ಇರೋದ್ರಿಂದ ಜಾಗಕ್ಕೆ ಕೊರತೆ ಇಲ್ಲ. ಬಸ್ ಹಾರನ್ ಈಗಲೂ ಕೇಳುತ್ತೆ, ಆದ್ರೆ ಪಕ್ಕದ ಬೀದೀಲಿ ಹೊಡೆದ ಹಂಗೆ.

ವೈಫೈ ಬಗ್ಗೆ ಎರಡೇ ಮಾತು: ಇಷ್ಟು ದಪ್ಪ ಗೋಡೇಲಿ 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆ ದಾಟೋದೇ ಕಷ್ಟ, ಸಿಗ್ನಲ್ ಮುಂದಕ್ಕೆ ದಾಟಿಸೋ ಮೆಶ್ ಡಬ್ಬ ಎಷ್ಟಿಟ್ರೂ ದಂಡ. ವೈರಿಂಗ್ ಮಾಡೋವಾಗಲೇ ರೂಮ್ ರೂಮಿಗೆ ನೆಟ್‌ವರ್ಕ್ ಕೇಬಲ್ ಎಳೆಸ್ಕೊಳ್ಳಿ.

ಈಗ ಕಟ್ ಮಾಡಿದ ಸ್ಟಾರ್ ಬಗ್ಗೆ. ಹಳೇ ಬಾಗಿಲು ಕಿಟಕಿ ಬಣ್ಣದಲ್ಲಿ ಸೀಸ ಇರುತ್ತೆ ಅಂತ ಅದನ್ನ ಮಾತ್ರ ಬಹಳ ಶಿಸ್ತಾಗಿ ಮಾಡಿದ್ರು, ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕೋದನ್ನ 1978ರಲ್ಲೇ ನಿಷೇಧ ಮಾಡಿದಾರೆ, ಅಂಥ ಬಣ್ಣಾನ ಒಣಗಿರೋವಾಗ ಉಜ್ಜೋ ಹಂಗೇ ಇಲ್ಲ. ರೂಮಿಗೆ ಪ್ಲಾಸ್ಟಿಕ್ ಕಟ್ಟಿ, ಒದ್ದೆ ಮಾಡಿ ಕೆರೆದು, ತೀರಾ ಸಣ್ಣ ಧೂಳೂ ಹಿಡಿಯೋ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್ ಹಾಕಿದ್ರು. ಅದೇ ಶಿಸ್ತು ಸುಣ್ಣಕ್ಕೆ ಯಾಕಿಲ್ಲ? ಹಳೇ ಪ್ಲಾಸ್ಟರ್ ಕೆಡವಿದ ವಾರ ಆ ಪುಡಿ ಬೀರು ಒಳಗೆ, ಮಡಚಿಟ್ಟ ಸೀರೆ ಒಳಗೆ, ಫ್ರಿಜ್ಜಿನ ಹಿಂದೆ, ಎಲ್ಲಾ ಕಡೆ. ಹಸಿ ಸುಣ್ಣ ಕಲಸೋ ಹುಡುಗರಿಗೆ ಕನ್ನಡಕ ಕೊಟ್ಟಿದ್ರು, ಆದ್ರೆ ಹಾಕ್ಕೊಂಡಿದಾರಾ ಅಂತ ನೋಡೋರು ಇರ್ಲಿಲ್ಲ. ಅರಳಿದ ಸುಣ್ಣದ ಪಿಎಚ್ 12 ದಾಟುತ್ತೆ, ಅಂದ್ರೆ ಸುಡೋಷ್ಟು ಜೋರು ಕ್ಷಾರ, ಕಣ್ಣಿಗೆ ಬಿದ್ರೆ ಆಟ ಅಲ್ಲ. ನಾನೇ ಎರಡು ಮೂರು ಸಲ ಗದರಬೇಕಾಯ್ತು. ಆಮೇಲೆ ಟೈಮು. ಸುಣ್ಣಕ್ಕೆ ಟೈಮ್ ಬೇಕು ಒಪ್ತೀನಿ, ಒಂದು ಪದರ ಒಣಗ್ದೇ ಇನ್ನೊಂದು ಹಾಕೋ ಹಂಗಿಲ್ಲ, ಮೇಲೆ ಒದ್ದೆ ಗೋಣಿ ಕಟ್ಟಿ ಕಾಯ್ಬೇಕು. ಆದ್ರೆ ಮೇಸ್ತ್ರಿ ಇನ್ನೊಂದು ಸೈಟಿಗೆ ಹೋದಾಗಲೂ ಫೋನ್ ಮಾಡಿದ್ರೆ "ಗಾರೆ ಒಣಗ್ತಿದೆ ಸರ್" ಅನ್ನೋ ಉತ್ತರಾನೇ. ಯಾವಾಗ ನಿಜ ಯಾವಾಗ ನೆಪ ಅಂತ ಗೊತ್ತಾಗೋಕೆ ನಾವೇ ಗೋಡೆ ಮುಟ್ಟಿ ನೋಡೋದು ಕಲಿತ್ವಿ. ಎಸ್ಟಿಮೇಟೂ ಏರಿತು. ಗೋಡೆ ಬಿಚ್ಚೋ ತನಕ ಒಳಗೇನಿದೆ ಗೊತ್ತಾಗಲ್ಲ ಅನ್ನೋದು ಸರಿ, ಅದಕ್ಕೇ ಮೊದಲೇ ಒಂದು ಪಾಲು ಬೇರೆ ಎತ್ತಿಡಿ ಅಂತ ಅವರು ಬರೆದೇ ಕೊಟ್ಟಿದ್ರು. ಏರಿದ್ದಕ್ಕೆಲ್ಲಾ ಮೊದಲು ಮೆಸೇಜ್ ಬಂದಿದೆ, ನಾವು ಒಪ್ಪಿದ ಮೇಲೇ ಮಾಡಿದಾರೆ, ಬಿಲ್ಲಲ್ಲಿ ಹೊಸ ಸಾಲು ತೂರಿಸಿಲ್ಲ.

ಯಾರಿಗೆ ಆಗಲ್ಲ ಅಂದ್ರೆ, ಗೃಹಪ್ರವೇಶಕ್ಕೋ ಮದುವೆಗೋ ಡೇಟ್ ಫಿಕ್ಸ್ ಮಾಡ್ಕೊಂಡು ಕೂತಿರೋರಿಗೆ ಆಗಲ್ಲ. ಗೋಡೆ ಅಂದ್ರೆ ಗಾಜಿನ ಥರ ನುಣ್ಣಗೇ ಇರ್ಬೇಕು ಅನ್ನೋರಿಗೂ ಆಗಲ್ಲ, ನಮ್ಮ ಗೋಡೆಗಳಲ್ಲಿ ಒಂದೂ ನೇರ ಇಲ್ಲ, ಬೀರು ಇಟ್ರೆ ಹಿಂದೆ ಸಂದಿ ಕಾಣುತ್ತೆ. ಕೊಡೋದಾದ್ರೆ ಮುಂಚೆ ಅವರನ್ನ ಕೇಳಿ, ಇದಕ್ಕೆ ಮುಂಚೆ ಮಾಡಿದ ಯಾವುದಾದ್ರೂ ಮನೆನ ಮಳೆಗಾಲ ಕಳೆದ ಮೇಲೆ ತೋರಿಸ್ತೀರಾ ಅಂತ. ನಮಗೆ ತೋರಿಸಿದ್ರು, ಆ ಮನೆಯವರು ನಮ್ಮನ್ನ ಒಳಗೆ ಕರೆದು ಒಂದು ಗಂಟೆ ಇದೇ ಧೂಳಿನ ಬಗ್ಗೆ ಹೇಳಿದ್ರು. ಕೆಲಸ ಶುರು ಮಾಡೋ ಮುಂಚೆ ಬಾಗಿಲು, ಕಿಟಕಿ, ಕಳಚೋ ಹಲಗೆ ಎಲ್ಲದಕ್ಕೂ ನಂಬರ್ ಹಾಕಿ ಫೋಟೋ ತೆಗೀತಾರಾ ನೋಡಿ. ತೆಗಿಯಲ್ಲ ಅಂದ್ರೆ ಬೇರೆಯವರನ್ನ ಹುಡುಕಿ.

ಕೊನೇ ಬಿಲ್ ಕಟ್ಟಿ ಆಗಿದೆ. ಗೋಡೆ ಒಳಗೆ ಎಲ್ಲೆಲ್ಲಿ ವೈರ್, ಎಲ್ಲೆಲ್ಲಿ ಪೈಪ್ ಇದೆ ಅನ್ನೋ ಫೋಟೋ ಫೈಲ್ ಕೊಟ್ಟಿದಾರೆ. ಹಿತ್ತಲ ಬಾಗಿಲಿನ ಚಿಲಕ ಮಾತ್ರ ಮಳೆ ಬಂದಾಗ ಬಿಗಿ ಆಗಿ ಕೂರಲ್ಲ, ಮರ ಉಬ್ಬುತ್ತೆ, ಬೇಸಿಗೇಲಿ ಬಂದು ಕೀಸುಳಿ ಹಾಕ್ತೀವಿ ಅಂದಿದ್ರು, ಬೇಸಿಗೆ ಹೋಯ್ತು ಇನ್ನೂ ಬಂದಿಲ್ಲ. ಬಂದು ಸರಿ ಮಾಡಿದ್ರೆ ಇಲ್ಲೇ ಕೆಳಗೆ ಅಪ್‌ಡೇಟ್ ಹಾಕ್ತೀನಿ, ಸ್ಟಾರ್ ಮಾತ್ರ ನಾಲ್ಕೇ.